ಸಂಚಕಾರ: ಚುಂಚನಕಟ್ಟೆ ಜಾತ್ರೆಯಿಂದ ಯುಪಿಐವರೆಗೆ, ಅನುಮಾನದ ಗಿರಾಕಿಯ ಇತಿಹಾಸ

(ಪಾಡ್‌ಕಾಸ್ಟ್ ಸಂಚಿಕೆಯ ಪಠ್ಯರೂಪ)



ಇವತ್ತಿನ ಸಂಚಿಕೆ ಶುರುವಾಗೋದು ನನ್ನ ಫೋನಿಗೆ ಬಂದ ಒಂದು ಮೆಸೇಜಿನಿಂದ. ನಾನು ಪಿರಿಯಾಪಟ್ಟಣ ತಾಲ್ಲೂಕಿನ ಹಳ್ಳಿಯವನು. ಮನೆಯಲ್ಲಿ ಹೊಗೆಸೊಪ್ಪು, ರಾಗಿ. ಜೊತೆಗೆ ನಾನು ಲ್ಯಾಪ್‌ಟಾಪಿನಲ್ಲಿ ಕನ್ನಡದ ಲಗ್ನಪತ್ರಿಕೆ ವಿಡಿಯೊ ಟೆಂಪ್ಲೇಟ್ ಮಾಡಿ ಆನ್‌ಲೈನಲ್ಲಿ ಮಾರ್ತೀನಿ. ಗಂಡಿನ ಹೆಸರು, ಹೆಣ್ಣಿನ ಹೆಸರು, ಛತ್ರದ ವಿಳಾಸ ಬದಲಾಯಿಸಿಕೊಂಡರೆ ಸಾಕು, ವಾಟ್ಸಾಪ್ ಸ್ಟೇಟಸ್‌ಗೆ ರೆಡಿ.

ಒಂದು ರಾತ್ರಿ ಹನ್ನೊಂದೂವರೆಗೆ ಒಬ್ಬರು ಮೆಸೇಜ್ ಮಾಡಿದ್ರು. ಪ್ರೊಫೈಲ್ ಫೋಟೊ ಇಲ್ಲ. 'ಎಲ್ಲಾ ಟೆಂಪ್ಲೇಟೂ ಬೇಕು, ಈಗಲೇ ಬೇಕು, ಸೈಟಲ್ಲಿ ಬೇಡ, ಡೈರೆಕ್ಟಾಗಿ ಯುಪಿಐ ಮಾಡ್ತೀನಿ.' ಚೌಕಾಸಿಯೇ ಇಲ್ಲ. 2,400 ರೂಪಾಯಿ ಎರಡೇ ನಿಮಿಷದಲ್ಲಿ ಬಂತು. ಸ್ಕ್ರೀನ್‌ಶಾಟ್ ಅಲ್ಲ, ನಿಜವಾದ ದುಡ್ಡು, ನನ್ನ ಬ್ಯಾಂಕ್ ಆ್ಯಪಲ್ಲೇ ನೋಡಿದೆ. ಫೈಲ್ ಕಳಿಸಿದೆ, ಮಲಗಿದೆ.

ಹದಿನೈದು ದಿನ ಆದ್ಮೇಲೆ ನನ್ನ ಅಕೌಂಟ್ ಫ್ರೀಜ್ ಆಯ್ತು. ಆ ಕಥೆಗೆ ಆಮೇಲೆ ಬರ್ತೀನಿ. ಅದಕ್ಕೂ ಮುಂಚೆ ನನ್ನ ತಲೆಗೆ ಬಂದ ಪ್ರಶ್ನೆ ಹೇಳ್ತೀನಿ: ಗುರುತಿಲ್ಲದ ಗಿರಾಕಿಯನ್ನ ಹೇಗೆ ನಂಬೋದು? ಇದು ಇಂಟರ್‌ನೆಟ್ ಹುಟ್ಟಿಸಿದ ಪ್ರಶ್ನೆ ಅಂದ್ಕೊಂಡಿದ್ದೆ. ಅಲ್ಲ. ನಮ್ಮ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್.ನಗರ, ಎಚ್.ಡಿ.ಕೋಟೆ ಸೀಮೆಯ ಜನ ಇದಕ್ಕೆ ಬಹಳ ಹಿಂದಿನಿಂದ ಉತ್ತರ ಹುಡುಕ್ತಾ ಬಂದಿದ್ದಾರೆ.

ಟವೆಲ್ ಕೆಳಗಿನ ಕೈ

ಮೊದಲು ಕೆ.ಆರ್.ನಗರದ ಕಡೆ ಹೋಗೋಣ, ಹಳಬರ ಬಾಯಲ್ಲಿ ಎಡತೊರೆ. ಆ ಸೀಮೆಯ ಚುಂಚನಕಟ್ಟೆಯಲ್ಲಿ ಕಾವೇರಿ ಧುಮುಕೋ ಜಾಗದ ಪಕ್ಕ ಕೋದಂಡರಾಮನ ಗುಡಿ ಇದೆ. ಸಂಕ್ರಾಂತಿ ಹೊತ್ತಿಗೆ ಅಲ್ಲಿ ದನಗಳ ಜಾತ್ರೆ. ನಮ್ಮ ತಾತ ಎತ್ತು ಕೊಳ್ಳೋಕೂ ಮಾರೋಕೂ ಅಲ್ಲಿಗೇ ಹೋಗ್ತಿದ್ರು. ಸುತ್ತಲ ಜಿಲ್ಲೆಗಳಿಂದೆಲ್ಲ ಜನ. ಪಕ್ಕದಲ್ಲಿ ನಿಂತವನು ಯಾವೂರಿನವನೋ ಗೊತ್ತಿಲ್ಲ, ಮತ್ತೆ ಸಿಗ್ತಾನೋ ಇಲ್ವೋ ಅದೂ ಗೊತ್ತಿಲ್ಲ.

ಅಲ್ಲಿ ವ್ಯಾಪಾರ ಬಾಯಲ್ಲಿ ನಡೀತಿರಲಿಲ್ಲ. ದಲ್ಲಾಳಿ ಹೆಗಲ ಮೇಲಿನ ಟವೆಲ್ ತೆಗೆದು ಕೈಮೇಲೆ ಹಾಕ್ಕೊಳ್ತಿದ್ದ, ಅದರ ಕೆಳಗೆ ಇಬ್ಬರ ಕೈ. ಬೆರಳು ಹಿಡಿದು, ಒತ್ತಿ, ರೇಟು ಹೇಳೋದು. ಸುತ್ತ ಇಪ್ಪತ್ತು ಜನ ನಿಂತಿದ್ರೂ ಬೆಲೆ ಗೊತ್ತಾಗ್ತಿದ್ದುದು ಆ ಇಬ್ಬರಿಗೆ ಮಾತ್ರ. ಈಗಿನ ಭಾಷೆಯಲ್ಲಿ ಹೇಳೋದಾದ್ರೆ ಪ್ರೈವೇಟ್ ಚಾಟ್.

ಬೆಲೆ ಕುದುರಿದ ಮೇಲೆ ಮುಖ್ಯವಾದ ಹೆಜ್ಜೆ: ಮುಂಗಡ. ಅದಕ್ಕೆ ಕನ್ನಡದಲ್ಲಿ ಒಂದು ಹಳೇ ಪದ ಇದೆ: ಸಂಚಕಾರ. ಇವತ್ತು ನಾವು 'ಜೀವಕ್ಕೆ ಸಂಚಕಾರ' ಅಂದ್ರೆ ಅಪಾಯ ಅಂತ ಅರ್ಥ ಮಾಡ್ಕೊಳ್ತೀವಿ. ಆದರೆ ಅದರ ಮೂಲ ಅರ್ಥ ಮುಂಗಡ ಹಣ. ಸಂಸ್ಕೃತದ 'ಸತ್ಯಂಕಾರ', ಅಂದ್ರೆ ಮಾತನ್ನ ಸತ್ಯ ಮಾಡೋದು, ಕನ್ನಡದಲ್ಲಿ ಸಂಚಕಾರ ಆಯ್ತು. ಜೀವಕ್ಕೆ ಸಂಚಕಾರ ಬಂತು ಅಂದ್ರೆ ಯಮ ಅಡ್ವಾನ್ಸ್ ಕೊಟ್ಟು ಬುಕ್ ಮಾಡಿಟ್ಟ ಹಾಗೆ!

ಸಂಚಕಾರ ಯಾಕೆ ಬೇಕಿತ್ತು? ಗಿರಾಕಿಯ ಮುಖ ನೋಡಿ ಅವನು ಒಳ್ಳೆಯವನೋ ಕೆಟ್ಟವನೋ ಹೇಳೋಕಾಗಲ್ಲ ಅಂತ ಜನಕ್ಕೆ ಗೊತ್ತಿತ್ತು. ಅದಕ್ಕೇ ಅವನ ಗುಣ ಅಳೆಯೋದು ಬಿಟ್ಟು, ಅವನ ದುಡ್ಡಲ್ಲಿ ಒಂದಿಷ್ಟನ್ನ ಮೊದಲೇ ಕಟ್ಟಿಹಾಕೋರು. ನಮ್ಮ ತಾತ ಹೇಳ್ತಿದ್ದ ಮಾತು ನನಗೆ ಚೆನ್ನಾಗಿ ನೆನಪಿದೆ: "ಕಾಸು ಎಣಿಸ್ಕೊಳ್ಳೋಗಂಟ ಹಗ್ಗ ಬಿಡಬ್ಯಾಡ ಕಣ್ಲಾ ಮಗ."

ಎತ್ತಿನ ವ್ಯಾಪಾರಕ್ಕೆ ಒಂದು ಅನುಕೂಲ ಇತ್ತು ನೋಡಿ. ಹಗ್ಗ ಬಿಡೋವರೆಗೂ ಎತ್ತು ನಿಮ್ಮದೇ. ಡಿಜಿಟಲ್ ಮಾಲಿಗೆ ಹಗ್ಗ ಇಲ್ಲ. ಫೈಲ್ ಒಂದು ಸಲ ಹೋಯ್ತು ಅಂದ್ರೆ ಹೋಯ್ತು. ಗಿರಾಕಿ 'ವಾಪಸ್ ಕೊಟ್ಟಿದ್ದೀನಿ' ಅಂದ್ರೂ ಅವನ ಹತ್ರ ಕಾಪಿ ಇದ್ದೇ ಇರುತ್ತೆ.

ಹೊಗೆಸೊಪ್ಪು ಕೊಂಡು ಹೋದವನು

ಈಗ ನಮ್ಮ ಮನೆಯ ಬೆಳೆಗೆ ಬರ್ತೀನಿ. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ.ಕೋಟೆ ಭಾಗದ ಕೆಂಪು ಮಣ್ಣು ವರ್ಜೀನಿಯಾ ತಂಬಾಕಿಗೆ ಹೆಸರುವಾಸಿ. ಎಲೆ ಕಿತ್ತು, ಕಡ್ಡಿಗೆ ಕಟ್ಟಿ, ಬ್ಯಾರನ್ ಒಳಗೆ ಸೌದೆ ಉರಿಯ ಬಿಸಿಯಲ್ಲಿ ಹದ ಮಾಡಿ, ಬೇಲ್ ಕಟ್ಟೋ ಹೊತ್ತಿಗೆ ಮನೆಯವರೆಲ್ಲ ನಿದ್ದೆಗೆಟ್ಟು ಬಡಕಲಾಗಿರ್ತಾರೆ.

ತಾತನ ಕಾಲದಲ್ಲಿ ಆ ಬೇಲ್‌ಗೆ ಗಿರಾಕಿ ಊರಿಗೇ ಬರ್ತಿದ್ದ. ರೇಟು ಅವನು ಹೇಳಿದ್ದೇ, ಗ್ರೇಡು ಅವನು ಹೇಳಿದ್ದೇ. 'ದುಡ್ಡು ಮುಂದಿನ ತಿಂಗಳು' ಅಂತಿದ್ದ. ಒಂದು ವರ್ಷ ಒಬ್ಬ ಹೀಗೇ ನಮ್ಮ ಬೇಲ್ ಹೇರಿಕೊಂಡು ಹೋದವನು ಅರ್ಧ ದುಡ್ಡು ಕೊಟ್ಟ, ಇನ್ನರ್ಧ ಕೊಡಲೇ ಇಲ್ಲ. ತಾತ ಅವನ ಮನೆಗೆ ನಾಲ್ಕು ಸಲ ಅಲೆದ್ರು. ಐದನೇ ಸಲ ಹೋಗಲಿಲ್ಲ, ಯಾಕಂದ್ರೆ ಬಸ್ ಚಾರ್ಜಿಗೂ ಸಾಲ ಮಾಡಬೇಕಿತ್ತು. ಅವನು ಅನುಮಾನ ಬರೋ ಥರದವನೇನೂ ಅಲ್ಲ. ಬಿಳಿ ಪಂಚೆ, ನಗುಮುಖ, ಮಕ್ಕಳ ಕೈಗೆ ಪೆಪ್ಪರಮೆಂಟು. ನಮ್ಮಜ್ಜಿ ಅವನಿಗೆ ಊಟಾನೂ ಬಡಿಸಿದ್ರು.

ಇದನ್ನ ಸರಿಮಾಡೋಕೆ ಕಾನೂನು ಬಂತು. 1975ರಲ್ಲಿ ತಂಬಾಕು ಮಂಡಳಿ ಕಾಯ್ದೆ, 1976ರ ಜನವರಿಯಲ್ಲಿ ಗುಂಟೂರಿನಲ್ಲಿ ಮಂಡಳಿ ಶುರು. 1984ರಲ್ಲಿ ಕರ್ನಾಟಕದಲ್ಲಿ ಮಂಡಳಿಯ ಹರಾಜು ಆರಂಭ. ಕಟ್ಟೆಮಳಲವಾಡಿ, ಚಿಲ್ಕುಂದ, ಕಂಪಲಾಪುರ, ಪಿರಿಯಾಪಟ್ಟಣ, ಎಚ್.ಡಿ.ಕೋಟೆ: ಈ ಹೆಸರುಗಳನ್ನ ನಮ್ಮ ಕಡೆಯವರು ಊರಿನ ಹೆಸರಿಗಿಂತ ಹೆಚ್ಚಾಗಿ 'ಮಾರ್ಕೆಟ್' ಹೆಸರಾಗಿ ಹೇಳ್ತಾರೆ.

ಆ ಹರಾಜು ಕಟ್ಟೆಯನ್ನ ಸ್ವಲ್ಪ ಗಮನ ಇಟ್ಟು ನೋಡಿ. ಖರೀದಿದಾರ ಯಾರೋ ದಾರಿಹೋಕ ಅಲ್ಲ. ಮಂಡಳಿಯಲ್ಲಿ ಮೊದಲೇ ನೋಂದಣಿ ಮಾಡಿಸಿರಬೇಕು, ಭದ್ರತೆಗೆ ಅಂತ ಬ್ಯಾಂಕ್ ಗ್ಯಾರಂಟಿ ಇಟ್ಟಿರಬೇಕು. ಬೇಲ್ ತೂಕ ಹಾಕಿ, ನಂಬರ್ ಕೊಟ್ಟು, ಸಾಲಾಗಿ ಇಡ್ತಾರೆ. ಖರೀದಿದಾರರು ಸಾಲಿನ ಉದ್ದಕ್ಕೂ ನಡೀತಾ ಕೂಗ್ತಾರೆ. ಈಗ ಕೂಗೋದೂ ಇಲ್ಲ, ಕೈಯಲ್ಲಿ ಪುಟ್ಟ ಯಂತ್ರ ಹಿಡ್ಕೊಂಡು ಒತ್ತುತ್ತಾರೆ. ಟವೆಲ್ ಕೆಳಗಿದ್ದ ಬೆರಳು ಬಟನ್ ಮೇಲೆ ಬಂದ ಹಾಗೆ. ರೇಟು ಹಿಡಿಸದಿದ್ದರೆ ಬೆಳೆಗಾರ ಒಪ್ಪದೆ ಬೇಲ್ ಉಳಿಸಿಕೊಳ್ಳಬಹುದು. ಒಪ್ಪಿದ್ರೆ ದುಡ್ಡು ಮಂಡಳಿಯ ಮೂಲಕ ಬೆಳೆಗಾರನ ಬ್ಯಾಂಕ್ ಖಾತೆಗೆ ಬರುತ್ತೆ. ಇವನು ಅವನ ಮನೆ ಬಾಗಿಲಿಗೆ ಅಲೆಯಬೇಕಾಗಿಲ್ಲ.

ಎಲ್ಲ ಸರಿಹೋಯ್ತು ಅಂತ ನಾನು ಹೇಳ್ತಿಲ್ಲ. ರೇಟು ಬಿದ್ದಾಗ ಬೆಳೆಗಾರರು ಹರಾಜು ನಿಲ್ಲಿಸಿ ರಸ್ತೆಗೆ ಇಳಿಯೋದನ್ನ ನೀವು ನ್ಯೂಸಲ್ಲಿ ನೋಡಿರ್ತೀರ. ಆದರೆ 'ಕೊಂಡವನು ದುಡ್ಡು ಕೊಡ್ತಾನಾ?' ಅನ್ನೋ ಭಯ ಬೇರೆ, 'ಎಷ್ಟು ಕೊಡ್ತಾನೆ?' ಅನ್ನೋ ಜಗಳ ಬೇರೆ. ಹರಾಜು ಕಟ್ಟೆ ಮೊದಲನೆಯದಕ್ಕೆ ಉತ್ತರ ಕೊಟ್ಟಿತು.

ಎಪಿಎಂಸಿ ಕಥೆಯೂ ಇದರ ಅಣ್ಣತಮ್ಮನೇ. 1966ರ ಕರ್ನಾಟಕದ ಕೃಷಿ ಮಾರುಕಟ್ಟೆ ಕಾಯ್ದೆ ಲೈಸೆನ್ಸು, ತೂಕ, ಲೆಕ್ಕದ ಚೀಟಿ ಎಲ್ಲಕ್ಕೂ ನಿಯಮ ತಂತು. ಆದರೂ 'ಬಿಳಿ ಚೀಟಿ' ಹೋಗಲಿಲ್ಲ. ಬಿಳಿ ಹಾಳೆಯಲ್ಲಿ ನಾಲ್ಕು ಅಂಕಿ ಗೀಚಿ ಕೊಡೋದು, ಮುದ್ರೆ ಇಲ್ಲ, ನಂಬರ್ ಇಲ್ಲ. ಜಗಳ ಬಂದ್ರೆ ಆ ಚೀಟಿಗೆ ಬೆಲೆಯೇ ಇಲ್ಲ. ಇವತ್ತಿನ ನಕಲಿ ಪೇಮೆಂಟ್ ಸ್ಕ್ರೀನ್‌ಶಾಟ್ ಇದೆಯಲ್ಲ, ಅದು ನಮ್ಮ ಕಾಲದ ಬಿಳಿ ಚೀಟಿ.

ಕೆಟ್ಟ ಲೇಸರ್ ಪಾಯಿಂಟರ್ ಕೊಂಡವನು

ಈಗ ಸಮುದ್ರ ದಾಟೋಣ. 1995ರ ಸೆಪ್ಟೆಂಬರಲ್ಲಿ ಅಮೆರಿಕದಲ್ಲಿ ಪಿಯರ್ ಒಮಿಡ್ಯಾರ್ ಅನ್ನೋ ಪ್ರೋಗ್ರಾಮರ್ ಒಂದು ಹರಾಜು ವೆಬ್‌ಸೈಟ್ ಶುರು ಮಾಡ್ತಾನೆ. ಅದೇ ಮುಂದೆ ಇಬೇ ಆಗಿದ್ದು. ಅಲ್ಲಿ ಮೊದಲು ಮಾರಾಟವಾದ ವಸ್ತು ಕೆಟ್ಟುಹೋದ ಲೇಸರ್ ಪಾಯಿಂಟರ್, 14.83 ಡಾಲರ್‌ಗೆ. ಒಮಿಡ್ಯಾರ್‌ಗೇ ಅನುಮಾನ ಬಂತು. 'ಇದು ಕೆಟ್ಟಿದೆ, ಗೊತ್ತು ತಾನೆ?' ಅಂತ ಕೇಳಿದ. ಗಿರಾಕಿ ಹೇಳಿದ್ದು: 'ಗೊತ್ತು, ನಾನು ಕೆಟ್ಟ ಲೇಸರ್ ಪಾಯಿಂಟರ್‌ಗಳನ್ನೇ ಸಂಗ್ರಹಿಸೋದು.' ಇಂಟರ್‌ನೆಟ್ ಮಾರುಕಟ್ಟೆಯ ಮೊದಲ ವಿಚಿತ್ರ ಗಿರಾಕಿ ಪ್ರಾಮಾಣಿಕ ಗಿರಾಕಿಯೇ ಆಗಿದ್ದ. ಇದನ್ನ ನೆನಪಿಟ್ಟುಕೊಳ್ಳಿ, ಕೊನೆಯಲ್ಲಿ ಬೇಕಾಗುತ್ತೆ.

1996ರಲ್ಲಿ ಅದೇ ಸೈಟಿಗೆ ಫೀಡ್‌ಬ್ಯಾಕ್ ಪದ್ಧತಿ ಬಂತು. ಇವನ ಜೊತೆ ವ್ಯವಹಾರ ಮಾಡಿದವರು ಏನಂತಾರೆ ಅಂತ ಎಲ್ಲರೂ ಓದಬಹುದು. ಹಳ್ಳಿಯಲ್ಲಿ 'ಅವನು ಹೆಂಗೆ?' ಅಂತ ಅರಳಿಕಟ್ಟೆಯಲ್ಲಿ ವಿಚಾರಿಸ್ತಿದ್ದ ಕೆಲಸ. 2003ರಲ್ಲಿ ಚೀನಾದಲ್ಲಿ ಅಲಿಪೇ ಇನ್ನೊಂದು ದಾರಿ ಹಿಡೀತು: ಗಿರಾಕಿಯ ದುಡ್ಡನ್ನ ಮಧ್ಯದಲ್ಲಿ ಹಿಡಿದಿಟ್ಟು, ಮಾಲು ತಲುಪಿದೆ ಅಂತ ಅವನು ಒಪ್ಪಿದ ಮೇಲೆ ಮಾರಿದವನಿಗೆ ಕೊಡೋದು. ದುಡ್ಡು ಹಿಡಿದುಕೊಂಡು ನಿಲ್ಲೋ ನಂಬಿಕಸ್ಥ ಮಧ್ಯವರ್ತಿ. ನಮ್ಮ ಹರಾಜು ಕಟ್ಟೆಯಲ್ಲಿ ಮಂಡಳಿ ಮಧ್ಯ ನಿಂತ ಹಾಗೆಯೇ.

ಆದರೆ ಡಿಜಿಟಲ್ ಮಾಲು ಮಾರೋರಿಗೆ ಒಂದು ತೊಡಕು ಉಳೀತು. 1974ರಲ್ಲಿ ಅಮೆರಿಕ ಕ್ರೆಡಿಟ್ ಕಾರ್ಡ್ ಬಿಲ್ಲಿನ ಬಗ್ಗೆ ಒಂದು ಕಾಯ್ದೆ ಮಾಡ್ತು. ಗ್ರಾಹಕ ತಪ್ಪು ಬಿಲ್ಲನ್ನ ಪ್ರಶ್ನಿಸಬಹುದು. ಕಾರ್ಡಲ್ಲಿ ಕೊಟ್ಟ ದುಡ್ಡು ವಾಪಸ್ ಹೋಗೋದಕ್ಕೆ ಈಗ ಚಾರ್ಜ್‌ಬ್ಯಾಕ್ ಅಂತಾರೆ. ಗ್ರಾಹಕನನ್ನ ಕಾಪಾಡೋಕೆ ಬಂದ ಒಳ್ಳೆಯ ನಿಯಮ. ಆದರೆ ಮಾಲು ತಗೊಂಡವನೇ 'ನಾನು ಕೊಂಡೇ ಇಲ್ಲ' ಅಂದ್ರೆ? ಎತ್ತೋ ಅಕ್ಕಿ ಮೂಟೆಯೋ ಆಗಿದ್ರೆ ಲಾರಿ ರಸೀದಿ ಇರುತ್ತೆ, ಸಹಿ ಇರುತ್ತೆ. ಇ-ಮೇಲಲ್ಲಿ ಹೋದ ಫೈಲಿಗೆ ಏನಿರುತ್ತೆ? ಮಾರಿದವನು ದಾಖಲೆ ಇಟ್ಟಿದ್ರೆ ಉಂಟು, ಇಲ್ಲದಿದ್ರೆ ಇಲ್ಲ.

ನನ್ನ ಅಕೌಂಟ್ ಯಾಕೆ ನಿಂತಿತು

ನಮ್ಮ ದೇಶದಲ್ಲಿ 2016ರ ಏಪ್ರಿಲ್‌ನಲ್ಲಿ ಯುಪಿಐ ಬಂತು. ದುಡ್ಡು ಕ್ಷಣದಲ್ಲಿ ಬರೋಕೆ ಶುರುವಾಯ್ತು. ಮೋಸವೂ ಅದರ ಹಿಂದೆಯೇ ಬಂತು. ನಕಲಿ ಸ್ಕ್ರೀನ್‌ಶಾಟ್. 'ಸೈನಿಕ ನಾನು, ಕ್ಯೂಆರ್ ಕಳಿಸಿದ್ದೀನಿ, ಸ್ಕ್ಯಾನ್ ಮಾಡಿದ್ರೆ ನಿಮಗೆ ದುಡ್ಡು ಬರುತ್ತೆ' ಅನ್ನೋ ಸುಳ್ಳು. '500ರ ಬದಲು 5,000 ಹಾಕ್ಬಿಟ್ಟೆ, ಮಿಕ್ಕಿದ್ದು ವಾಪಸ್ ಹಾಕಿ' ಅಂತ ನಕಲಿ ಎಸ್ಸೆಮ್ಮೆಸ್. ಇವುಗಳಿಗೆ ಮದ್ದು ಸುಲಭ: ದುಡ್ಡು ಪಡೆಯೋಕೆ ಪಿನ್ ಬೇಕಾಗಿಲ್ಲ, ಪಿನ್ ಒತ್ತಿದ್ರೆ ನಿಮ್ಮ ದುಡ್ಡೇ ಹೋಗೋದು. ಜನ ಮೋಸ ಹೋಗೋದು ನಿಲ್ಲದ ಕಾರಣ 2025ರ ಅಕ್ಟೋಬರ್ 1ರಿಂದ ವ್ಯಕ್ತಿಯಿಂದ ವ್ಯಕ್ತಿಗೆ 'ಕಲೆಕ್ಟ್ ರಿಕ್ವೆಸ್ಟ್' ಕಳಿಸೋದನ್ನೇ ಎನ್‌ಪಿಸಿಐ ನಿಲ್ಲಿಸಿದೆ.

ನನಗಾದದ್ದು ಇದ್ಯಾವುದೂ ಅಲ್ಲ. ನನಗೆ ಬಂದ 2,400 ರೂಪಾಯಿ ನಿಜವಾದದ್ದು, ಆದರೆ ಕದ್ದದ್ದು. ಬೇರೆ ರಾಜ್ಯದಲ್ಲಿ ಯಾರೋ ಒಬ್ಬರಿಗೆ ಮೋಸ ಮಾಡಿ ಎಗರಿಸಿದ ಹಣದಲ್ಲಿ ಒಂದು ಚೂರು ನನ್ನ ಟೆಂಪ್ಲೇಟ್‌ಗೆ ಬಂದಿತ್ತು. ಅವರು ದೂರು ಕೊಟ್ಟರು, ಪೊಲೀಸರು ಹಣದ ಜಾಡು ಹಿಡಿದರು, ಜಾಡಿನಲ್ಲಿ ನನ್ನ ಖಾತೆಯೂ ಸಿಕ್ಕಿತು. ಕದ್ದ ದುಡ್ಡನ್ನ ಹೀಗೆ ಡಿಜಿಟಲ್ ಮಾಲಾಗಿ ಬದಲಾಯಿಸಿ ಮತ್ತೆ ಮಾರೋದು ಕಳ್ಳರಿಗೆ ಸಲೀಸು. ಲಾರಿ ಬೇಡ, ಗೋಡೌನ್ ಬೇಡ.

ಆಗ ಆಗಸ್ಟ್ ತಿಂಗಳು. ಬ್ಯಾರನ್ ಉರಿಸೋ ಕಾಲ. ಸೌದೆಗೆ ಅಂತ ಅಪ್ಪ ನನ್ನ ಖಾತೆಯಲ್ಲಿ ಇಟ್ಟಿದ್ದ 38,000 ರೂಪಾಯಿಯೂ ಒಳಗೇ ಸಿಕ್ಕಿಹಾಕ್ಕೊಳ್ತು. ಎಲೆ ಕಾಯಲ್ಲ, ಹೊಲದಲ್ಲೇ ಹಣ್ಣಾಗಿ ಹಾಳಾಗುತ್ತೆ. ಅಪ್ಪ ಬಡ್ಡಿಗೆ ಸಾಲ ತಂದರು. ನನಗೆ ಬೈಯಲಿಲ್ಲ. ಅದೇ ಹೆಚ್ಚು ನೋವಾಗಿದ್ದು. ತಾತನ ಬೇಲ್ ಹೇರಿಕೊಂಡು ಹೋದವನು ನಮ್ಮ ಮನೆಗೆ ಎರಡನೇ ಸಲ ಬಂದ ಹಾಗಾಯ್ತು.

ಚಾಟ್, ಫೈಲ್ ಕಳಿಸಿದ ಇ-ಮೇಲ್, ನನ್ನ ಗುರುತಿನ ಚೀಟಿ, ನಾನು ಮಾರೋದು ಏನು ಅನ್ನೋದಕ್ಕೆ ಹಳೇ ಬಿಲ್ಲುಗಳು, ಎಲ್ಲ ಸೇರಿಸಿ ಬ್ಯಾಂಕಿಗೂ ಪೊಲೀಸರಿಗೂ ಕಳಿಸಿದೆ. ಖಾತೆ ತೆರೆಯೋಕೆ ಹನ್ನೊಂದು ವಾರ ಹಿಡೀತು. ಅಷ್ಟರಲ್ಲಿ ಕಟ್ಟೆಮಳಲವಾಡಿಯಲ್ಲಿ ಹರಾಜು ಶುರುವಾಗಿತ್ತು.

ಅಂತರಸಂತೆಯ ಹುಡುಗ

ಇದಾದ ಮೇಲೆ ನಾನು ವಿಪರೀತ ಹುಷಾರಾದೆ. ಫೋಟೊ ಇಲ್ವಾ? ಮಾರಲ್ಲ. ರಾತ್ರಿ ಮೆಸೇಜಾ? ಮಾರಲ್ಲ. ಕಳಿಸಿದ ಖಾತೆಯ ಹೆಸರೇ ಬೇರೆನಾ? ದುಡ್ಡು ವಾಪಸ್, ಬ್ಲಾಕ್.

ಹಾಗೆ ಬ್ಲಾಕ್ ಆದವರಲ್ಲಿ ಎಚ್.ಡಿ.ಕೋಟೆ ತಾಲ್ಲೂಕು ಅಂತರಸಂತೆ ಕಡೆಯ ಒಬ್ಬ ಹುಡುಗ ಇದ್ದ. ಫೋಟೊ ಇಲ್ಲ, ರಾತ್ರಿ ಹತ್ತರ ಮೇಲೆ ಮೆಸೇಜು, ದುಡ್ಡು ಬಂದದ್ದು ಬೇರೆ ಹೆಸರಿನ ಖಾತೆಯಿಂದ. ನನ್ನ ಲಿಸ್ಟಲ್ಲಿದ್ದ ಮೂರೂ ತಪ್ಪು. ವಾಪಸ್ ಹಾಕಿ ಬ್ಲಾಕ್ ಮಾಡಿದೆ. ಎರಡು ತಿಂಗಳಾದ ಮೇಲೆ ಬೇರೆ ನಂಬರಿನಿಂದ ಫೋನ್ ಮಾಡಿದ. ಜಗಳಕ್ಕಲ್ಲ. "ಅಣ್ಣ, ಅಕ್ಕನ ಮದುವೆಗೆ ಕೇಳಿದ್ದೆ. ನಮ್ಮನೇಲಿ ಒಂದೇ ಸ್ಮಾರ್ಟ್‌ಫೋನು, ಭಾವಂದು. ಅವರು ಕೆಲಸದಿಂದ ಬಂದ್ಮೇಲೇ ನಂಗೆ ಸಿಗೋದು. ದುಡ್ಡೂ ಅವರ ಅಕೌಂಟಿಂದಾನೇ ಹಾಕಿದ್ದು. ಮದುವೆ ಆಯ್ತು ಬಿಡಿ. ಏನ್ ತಪ್ಪು ಮಾಡಿದ್ದೆ ಅಂತ ಕೇಳೋಣ ಅನ್ನಿಸ್ತು."

ನನ್ನ ಹತ್ರ ಉತ್ತರ ಇರಲಿಲ್ಲ. ನನ್ನ ಲಿಸ್ಟು ಕಳ್ಳನನ್ನ ಹಿಡೀತಿರಲಿಲ್ಲ, ಬಡವನನ್ನ ಹಿಡೀತಿತ್ತು. ಮನೆಗೊಂದೇ ಫೋನ್ ಇರೋನು, ಅಣ್ಣನ ಖಾತೆ ಬಳಸೋನು, ಪ್ರೊಫೈಲ್ ಫೋಟೊ ಹಾಕದ ಹೆಣ್ಣುಮಗಳು, ಎಲ್ಲರೂ ಅದರಲ್ಲಿ ಸಿಕ್ಕಿಬೀಳ್ತಾರೆ. ತಾತನಿಗೆ ಮೋಸ ಮಾಡಿದವನು ಬಿಳಿ ಪಂಚೆ, ನಗುಮುಖದವನು. ಅವನು ಇವತ್ತು ಬಂದಿದ್ರೆ ನನ್ನ ಲಿಸ್ಟಲ್ಲಿ ಆರಾಮಾಗಿ ಪಾಸ್ ಆಗ್ತಿದ್ದ.

ಆಗ ನನಗೆ ಈ ಹಳೇ ಕಥೆಗಳೆಲ್ಲ ಒಟ್ಟಿಗೆ ಅರ್ಥ ಆಯ್ತು. ಸಂಚಕಾರವಾಗಲಿ, ಬ್ಯಾಂಕ್ ಗ್ಯಾರಂಟಿಯಾಗಲಿ, ನಂಬರ್ ಹಾಕಿದ ಬೇಲ್ ಆಗಲಿ, ಅಲ್ಲಿ ಯಾರೂ ಮುಖ ನೋಡಿ ತೀರ್ಪು ಕೊಡ್ತಿರಲಿಲ್ಲ. ಎಲ್ಲರಿಗೂ ಒಂದೇ ನಿಯಮ, ಪರೀಕ್ಷೆ ದುಡ್ಡಿಗೆ ಮತ್ತು ದಾಖಲೆಗೆ.

ಈಗ ನಾನು ಮಾಡೋದು

ನೀವೂ ಫೋಟೊ, ನೋಟ್ಸ್, ಮ್ಯೂಸಿಕ್, ಡಿಸೈನ್ ಏನಾದ್ರೂ ಮಾರ್ತಿದ್ರೆ ಹೇಳ್ತೀನಿ ಕೇಳಿ.

ಒಂದು, ಸೈಟಲ್ಲಿ ಸಿಕ್ಕ ಗಿರಾಕಿಗೆ ಸೈಟಲ್ಲೇ ಮಾರ್ತೀನಿ. 'ಹೊರಗೆ ಮಾಡ್ಕೊಳ್ಳೋಣ' ಅನ್ನೋದು, ಹರಾಜಿಗೆ ಮುಂಚೆ ರಾತ್ರಿ ಬ್ಯಾರನ್ ಹತ್ರ ಬಂದು 'ಇಲ್ಲೇ ಕೊಟ್ಬಿಡಿ' ಅನ್ನೋನ ಮಾತಿನ ಹಾಗೆ. ಕಮಿಷನ್ ಉಳಿಯುತ್ತೆ, ಕಾಪಾಡೋರು ಯಾರೂ ಇರಲ್ಲ.

ಎರಡು, ಮೊದಲು ವಾಟರ್‌ಮಾರ್ಕ್ ಇರೋ ಸ್ಯಾಂಪಲ್. ಪೂರ್ತಿ ಫೈಲ್ ದುಡ್ಡು ಬಂದ್ಮೇಲೆ. ದುಡ್ಡು ಬಂತಾ ಅಂತ ನೋಡೋದು ನನ್ನ ಬ್ಯಾಂಕ್ ಆ್ಯಪಲ್ಲಿ ಮಾತ್ರ, ಅವರು ಕಳಿಸಿದ ಫೋಟೊದಲ್ಲೂ ಅಲ್ಲ, ಎಸ್ಸೆಮ್ಮೆಸ್ಸಲ್ಲೂ ಅಲ್ಲ.

ಮೂರು, ಸೈಟಿಗೆ ಬರೋಕಾಗದೆ ಯಾರಾದ್ರೂ ಪರಿಚಯದ ಮೇಲೆ ನೇರವಾಗಿ ಕೊಂಡಾಗ, ಖಾತೆಯ ಹೆಸರು ಬೇರೆ ಇದ್ರೆ ಬ್ಲಾಕ್ ಮಾಡಲ್ಲ. 'ದುಡ್ಡು ಹಾಕಿದವರ ಹತ್ರ ಒಂದು ನಿಮಿಷ ಮಾತಾಡಿಸಿ' ಅಂತೀನಿ. ಭಾವ ಆದ್ರೆ ಫೋನ್ ತಗೋತಾರೆ. ಕದ್ದ ದುಡ್ಡಾದ್ರೆ ಆ ಖಾತೆಯವರನ್ನ ಕಳ್ಳ ಎಲ್ಲಿಂದ ಕರೆತರ್ತಾನೆ? ಇದು ನೂರಕ್ಕೆ ನೂರು ಗ್ಯಾರಂಟಿ ಅಲ್ಲ. ಆದರೆ ಪ್ರಾಮಾಣಿಕನಿಗೆ ಇದರಿಂದ ಕಷ್ಟ ಒಂದೇ ನಿಮಿಷದ್ದು.

ನಾಲ್ಕು, ವಾಪಸ್ ಕೊಡಬೇಕಾದ್ರೆ ಬಂದ ಖಾತೆಗೇ, ಬಂದಷ್ಟೇ. ಬೇರೆ ನಂಬರಿಗೆ ಹಾಕಿ ಅಂದ್ರೆ ಇಲ್ಲ.

ಐದು, ಪ್ರತಿ ಮಾರಾಟಕ್ಕೂ ಬಿಲ್ ನಂಬರ್, ಚಾಟ್, ಫೈಲ್ ಕಳಿಸಿದ ದಿನ-ಹೊತ್ತು ಒಂದು ಫೋಲ್ಡರಲ್ಲಿ. ನನ್ನ ಖಾತೆ ತೆರೆಸಿದ್ದು ಅದೇ. ಮತ್ತೆ, ವ್ಯಾಪಾರದ ಖಾತೆ ಬೇರೆ, ಸೌದೆ ದುಡ್ಡಿನ ಖಾತೆ ಬೇರೆ.

ಮೋಸ ಹೋದ್ರೆ ನಾಚಿಕೊಂಡು ಕೂರಬೇಡಿ. ತಕ್ಷಣ 1930ಕ್ಕೆ ಫೋನ್ ಮಾಡಿ, ಕೇಂದ್ರ ಸರ್ಕಾರದ ಸೈಬರ್ ಕ್ರೈಮ್ ಪೋರ್ಟಲಲ್ಲೂ ದೂರು ಕೊಡಿ. ಬೇರೆಯವರ ಹೆಸರಲ್ಲಿ ನಟಿಸಿ ಆನ್‌ಲೈನಲ್ಲಿ ವಂಚಿಸೋದಕ್ಕೆ ಐಟಿ ಕಾಯ್ದೆಯ 66ಡಿ ಕಲಂನಲ್ಲಿ 3 ವರ್ಷದವರೆಗೆ ಜೈಲು ಇದೆ.

ಅಂತರಸಂತೆಯ ಹುಡುಗನಿಗೆ ಆ ಟೆಂಪ್ಲೇಟನ್ನ ಸುಮ್ಮನೆ ಕೊಡ್ತೀನಿ ಅಂದೆ. ಬೇಡ ಅಂದ. ಹೋದ ತಿಂಗಳು ಅವನ ಅಕ್ಕನ ಮಗುವಿನ ನಾಮಕರಣಕ್ಕೆ ಹೊಸದೊಂದು ಮಾಡಿಸಿಕೊಂಡ. ದುಡ್ಡು ಬಂದದ್ದು ಭಾವನ ಖಾತೆಯಿಂದಲೇ. ಭಾವನ ಜೊತೆ ಒಂದು ನಿಮಿಷ ಅಂತ ಶುರುವಾದ ಮಾತು ಹತ್ತು ನಿಮಿಷ ಆಯ್ತು, ಅವರೂ ಹೊಗೆಸೊಪ್ಪು ಬೆಳೆಯೋರೇ.

ನಿಮ್ಮ ಮನೆಯ ಹಿರಿಯರು ಗುರುತಿಲ್ಲದ ಗಿರಾಕಿಗೆ ಹೇಗೆ ಮಾರ್ತಿದ್ರು? ಇವತ್ತು ರಾತ್ರಿ ಊಟಕ್ಕೆ ಕೂತಾಗ ಕೇಳಿ ನೋಡಿ.